ನರ್ಸಮ್ಮ ಬರೀ ಸೂಜಿ ಚುಚ್ಚೋದಕ್ಕಾ?
(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ)



ಒಂದು ಸಂಘದ ಸಭೆಯಲ್ಲಿ ಆರೋಗ್ಯದ ವಿಷಯ ಬಂದಾಗ ಹಿರಿಯ ಸದಸ್ಯೆಯೊಬ್ಬರು ಎದ್ದು ಕೇಳಿದರು: “ಸಿಸ್ಟರ್, ನಮ್ಮೂರಿಗೆ ನರ್ಸಮ್ಮ ಬರ್ತಾರೆ, ಮಕ್ಕಳಿಗೆ ಸೂಜಿ ಚುಚ್ತಾರೆ, ಪುಸ್ತಕದಲ್ಲಿ ಏನೋ ಬರ್ಕೊಂಡು ಹೋಗ್ತಾರೆ. ಕಾಯಿಲೆ ಬಂದ್ರೆ ನಾವು ಡಾಕ್ಟರ ಹತ್ರಾನೇ ಹೋಗ್ಬೇಕು. ಮತ್ತೆ ಈ ಅಮ್ಮ ಯಾಕೆ?” ಎಲ್ಲರೂ ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ತಾಯಿ, ಮಗುವಿಗೆ ತೊಂದರೆಯಾಗಿದೆ.

ಎರಡು ಘಟನೆಗಳು

ಸಮಾಜಕಾರ್ಯ ಓದಿ ಹೊಸದಾಗಿ ಹಳ್ಳಿ ಕೆಲಸಕ್ಕೆ ಹೋದ ದಿನಗಳವು. ಒಂದು ಹಾಡಿಯಲ್ಲಿ ಎಂಟು ತಿಂಗಳ ಬಸುರಿಯೊಬ್ಬಳಿಗೆ ಕಾಲು, ಕೈ, ಮುಖ ಎಲ್ಲಾ ಊದಿಕೊಂಡಿತ್ತು. ತಲೆನೋವು ಅಂದಳು. “ಬಸುರಿಗೆ ಕಾಲು ಊದೋದು ಇದ್ದಿದ್ದೇ” ಎಂದು ಅತ್ತೆ ಹೇಳಿದರು. ನನಗೂ ಹೆಚ್ಚು ತಿಳಿದಿರಲಿಲ್ಲ. “ಸ್ವಲ್ಪ ರೆಸ್ಟ್ ತಗೋಮ್ಮ” ಎಂದು ಹೇಳಿ ಬಂದುಬಿಟ್ಟೆ. ಆಗ ಆ ಭಾಗದ ನರ್ಸ್ ಹುದ್ದೆ ಬಹಳ ದಿನದಿಂದ ಖಾಲಿಯಿತ್ತು. ಬಿ.ಪಿ. ನೋಡುವವರು ಯಾರೂ ಇರಲಿಲ್ಲ. ನಾಲ್ಕನೇ ದಿನ ರಾತ್ರಿ ಆಕೆಗೆ ಫಿಟ್ಸ್ ಬಂತು. ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ತಾಯಿ ಉಳಿದಳು.

ಕೆಲವು ವರ್ಷಗಳ ನಂತರ ಅದೇ ಹಾಡಿಯಲ್ಲಿ ಇನ್ನೊಬ್ಬ ಬಸುರಿಗೂ ಹಾಗೇ ಆಯಿತು. ಅಷ್ಟು ಹೊತ್ತಿಗೆ ಒಬ್ಬ ನರ್ಸ್ ನೇಮಕವಾಗಿದ್ದರು. ಮನೆ ಭೇಟಿಗೆ ಬಂದ ಅವರು ಬಿ.ಪಿ. ನೋಡಿದಾಗ 160/110 ಇತ್ತು. ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಅಂಶ ಸಿಕ್ಕಿತು. ಆ ನರ್ಸ್ ಒಂದು ಗಂಟೆಯೂ ಕಾಯದೆ ಗಾಡಿ ಮಾಡಿಸಿ ತಾವೇ ಜೊತೆಗೆ ಹೋದರು. ಅವಧಿಗೆ ಮೊದಲೇ ಹೆರಿಗೆಯಾದರೂ ತಾಯಿ, ಮಗು ಇಬ್ಬರೂ ಉಳಿದರು.

ಊರು ಅದೇ, ಕಾಯಿಲೆಯೂ ಅದೇ. ಮೊದಲ ಸಲ ಸರಿಯಾದ ಸಮಯದಲ್ಲಿ ನೋಡುವವರು ಇರಲಿಲ್ಲ, ಎರಡನೇ ಸಲ ಇದ್ದರು. ವ್ಯತ್ಯಾಸ ಅಷ್ಟೇ. ಪ್ರಾಥಮಿಕ ಆರೋಗ್ಯ ಸೇವೆ ಏನೆಂದು ಆವತ್ತು ನನಗೆ ಅರ್ಥವಾಯಿತು.

ಪ್ರಾಥಮಿಕ ಆರೋಗ್ಯ ಸೇವೆ ಎಂದರೇನು?

1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ಎಂಬ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆರೋಗ್ಯ ಎಲ್ಲರ ಹಕ್ಕು, ಅದು ಜನರ ಮನೆಗೆ ಹತ್ತಿರದಲ್ಲಿ, ಅವರ ಕೈಗೆಟಕುವ ಹಾಗೆ, ಅವರ ಸಹಭಾಗಿತ್ವದಿಂದಲೇ ಸಿಗಬೇಕು ಎಂದು ಅಲ್ಲಿ ಘೋಷಿಸಲಾಯಿತು. ಕಾಯಿಲೆ ಬಂದ ಮೇಲೆ ಔಷಧಿ ಕೊಡುವುದು ಇದರಲ್ಲಿ ಒಂದು ಭಾಗ ಮಾತ್ರ. ಶುದ್ಧ ನೀರು, ಪೌಷ್ಟಿಕ ಆಹಾರ, ನೈರ್ಮಲ್ಯ, ಲಸಿಕೆ, ತಾಯಿ-ಮಗುವಿನ ಆರೈಕೆ, ಆರೋಗ್ಯ ಶಿಕ್ಷಣ ಎಲ್ಲವೂ ಇದರಲ್ಲಿ ಸೇರಿವೆ.

ನಮ್ಮ ದೇಶದಲ್ಲಿ ಬಯಲು ಪ್ರದೇಶದ 5,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದ 3,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬ ನಿಯಮವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ಲೆಕ್ಕ 30,000 ಮತ್ತು 20,000. ಉಪಕೇಂದ್ರದಲ್ಲಿ ಎಂ.ಬಿ.ಬಿ.ಎಸ್. ಡಾಕ್ಟರ್ ಇರುವುದಿಲ್ಲ. ಅಲ್ಲಿನ ಸೇವೆ ನಿಂತಿರುವುದು ನರ್ಸ್ ಮೇಲೆ. ಹಾಗಾಗಿ ಹಳ್ಳಿಯವರಿಗೆ ಸರ್ಕಾರಿ ಆರೋಗ್ಯ ಸೇವೆಯ ಮೊದಲ ಬಾಗಿಲು ಆಕೆಯೇ.

ಯಾರು ಯಾರು?

* ನಾವು ‘ನರ್ಸಮ್ಮ’ ಎನ್ನುವವರು ಎ.ಎನ್.ಎಂ. ತರಬೇತಿ ಪಡೆದವರು. ಮೊದಲು ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಎನ್ನುತ್ತಿದ್ದರು. ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎನ್ನುತ್ತಾರೆ.
* 2018ರಿಂದ ಉಪಕೇಂದ್ರಗಳನ್ನು ಹಂತಹಂತವಾಗಿ ಮೇಲ್ದರ್ಜೆಗೆ ಏರಿಸಿ, ಅಲ್ಲಿ ‘ಸಮುದಾಯ ಆರೋಗ್ಯ ಅಧಿಕಾರಿ’ಗಳನ್ನು ನೇಮಿಸಲಾಗುತ್ತಿದೆ. ಇವರಲ್ಲೂ ಬಹುಪಾಲು ನರ್ಸಿಂಗ್ ಓದಿದವರೇ.
* ಆಶಾ ಕಾರ್ಯಕರ್ತೆ ನರ್ಸ್ ಅಲ್ಲ. ಆಕೆ ನಮ್ಮ ಊರಿನವಳೇ, ಮನೆಗೂ ನರ್ಸಿಗೂ ನಡುವಿನ ಸೇತುವೆ.

ನರ್ಸಮ್ಮನ ಕೆಲಸಗಳು

1. ಬಸುರಿಯ ಆರೈಕೆ

ಮುಟ್ಟು ನಿಂತ ಕೂಡಲೇ ಹೆಸರು ನೋಂದಾಯಿಸಬೇಕು. ಮೊದಲ ಮೂರು ತಿಂಗಳೊಳಗೆ ಒಂದು ಸಲ, ಆಮೇಲೆ ಕನಿಷ್ಠ ಮೂರು ಸಲ, ಹೀಗೆ ಒಟ್ಟು ನಾಲ್ಕು ತಪಾಸಣೆಯಾದರೂ ಆಗಲೇಬೇಕು. ಪ್ರತಿ ಸಲ ತೂಕ, ಬಿ.ಪಿ., ರಕ್ತ, ಮೂತ್ರ, ಮಗುವಿನ ಬೆಳವಣಿಗೆ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. “ಪುಸ್ತಕದಲ್ಲಿ ಏನೋ ಬರ್ಕೊಂಡು ಹೋಗ್ತಾರೆ” ಅಂದೆವಲ್ಲ, ಅದು ಇದೇ! ಹೋದ ತಿಂಗಳ ಬಿ.ಪಿ. ಎಷ್ಟಿತ್ತು ಎಂದು ಬರೆದಿದ್ದರೆ ತಾನೇ ಈ ತಿಂಗಳು ಏರಿದ್ದು ಗೊತ್ತಾಗುವುದು? ಬಿ.ಪಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಎಚ್ಚರಿಕೆಯ ಗಂಟೆ.

ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪಾಯ. ಇದಕ್ಕಾಗಿ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ತುಂಬಾ ಮನೆಗಳಲ್ಲಿ ಈ ಮಾತ್ರೆ ಅಟ್ಟದ ಮೇಲೆ ಡಬ್ಬಿಯಲ್ಲಿ ಇರುತ್ತದೆ! “ಮಲ ಕಪ್ಪಗಾಗುತ್ತೆ, ವಾಂತಿ ಬಂದ ಹಾಗಾಗುತ್ತೆ” ಎಂದು ನಿಲ್ಲಿಸುತ್ತಾರೆ. ಮಲ ಕಪ್ಪಗಾಗುವುದು ಸಹಜ, ಹೆದರಬೇಡಿ. ಊಟವಾದ ಮೇಲೆ ನುಂಗಿ. ಕಾಫಿ, ಟೀ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಹೊತ್ತಿಗೆ ನುಂಗಬೇಡಿ.

2. ಬಾಣಂತಿ ಮತ್ತು ಹಸುಗೂಸು

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು. ಜೇನುತುಪ್ಪ, ಸಕ್ಕರೆ ನೀರು ಬೇಡ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬಂದು ಮಗುವನ್ನು ನೋಡುತ್ತಾರೆ. ತೊಂದರೆ ಕಂಡರೆ ನರ್ಸಿಗೆ ತಿಳಿಸುತ್ತಾರೆ. ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಜೋರಾಗಿ ಉಸಿರೆಳೆದರೆ, ಬಾಣಂತಿಗೆ ಜಾಸ್ತಿ ರಕ್ತ ಹೋದರೆ ಅಥವಾ ಜ್ವರ ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

3. ಲಸಿಕೆ

ಸೂಜಿ ಚುಚ್ಚುವುದು ಸುಲಭವೆಂದು ಕಾಣುತ್ತದೆ. ಅದರ ಹಿಂದಿನ ಕೆಲಸ ನೋಡಿ. ಆರೋಗ್ಯ ಕೇಂದ್ರದ ಫ್ರಿಜ್‌ನಲ್ಲಿ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಊರಿಗೆ ತರುವ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಡುವ ಮುನ್ನ ಅದು ಸ್ವಲ್ಪ ಕರಗಿ, ಅಲ್ಲಾಡಿಸಿದರೆ ನೀರಿನ ಸದ್ದು ಬರುವವರೆಗೆ ಕಾಯಬೇಕು. ಇಲ್ಲದಿದ್ದರೆ ಕೆಲವು ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ದಡಾರ-ರುಬೆಲ್ಲಾ ಲಸಿಕೆಯನ್ನು ಕಲಸಿದ ನಾಲ್ಕು ಗಂಟೆಯೊಳಗೆ ಕೊಟ್ಟು ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಆದ್ದರಿಂದಲೇ “ಸಂಜೆ ಬರ್ತೀನಿ, ಇಟ್ಟಿರಿ” ಅಂದರೆ ಆಗುವುದಿಲ್ಲ.

ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಮತ್ತೆ 16ರಿಂದ 24 ತಿಂಗಳೊಳಗೆ ಲಸಿಕೆ ಇದೆ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಸಣ್ಣ ಜ್ವರ ಬಂದರೆ ಗಾಬರಿಯಾಗಬೇಡಿ. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಒಂದು ಪ್ರಕರಣವೂ ಬಂದಿಲ್ಲ. 2014ರಲ್ಲಿ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ಮನೆ ಮನೆ ಅಲೆದ ನರ್ಸ್, ಆಶಾ, ಅಂಗನವಾಡಿ ಕಾರ್ಯಕರ್ತೆಯರ ಕಾಲಿನ ಧೂಳು ಆ ಪ್ರಮಾಣಪತ್ರದ ಮೇಲಿದೆ.

4. ಇತರ ಕಾಯಿಲೆಗಳು

ಭೇದಿಯಾದ ಮಗುವಿಗೆ ಓ.ಆರ್.ಎಸ್. ಜೊತೆಗೆ 14 ದಿನ ಜಿಂಕ್ ಮಾತ್ರೆ ಉಚಿತವಾಗಿ ಸಿಗುತ್ತದೆ. ಭೇದಿ ನಿಂತರೂ ಜಿಂಕ್ ನಿಲ್ಲಿಸಬಾರದು. ಎರಡು ವಾರ ಮೀರಿ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು. 30 ವರ್ಷ ದಾಟಿದವರಿಗೆ ಬಿ.ಪಿ., ಶುಗರ್ ಮತ್ತು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯೂ ಈಗ ಈ ಸೇವೆಯಲ್ಲಿ ಸೇರಿದೆ.

5. ಕೇಳುವ ಕಿವಿ

ಇದು ಯಾವ ರಿಜಿಸ್ಟರಿನಲ್ಲೂ ಇಲ್ಲದ ಕೆಲಸ. ಡಾಕ್ಟರ ಮುಂದೆ ಬಾಯಿ ಬಿಡದ ಹೆಂಗಸು, ಮನೆ ಜಗಲಿಯಲ್ಲಿ ಕೂತ ನರ್ಸಮ್ಮನ ಹತ್ತಿರ ಬಿಳಿಸೆರಗು, ಗಂಡನ ಕುಡಿತ, ಬೆನ್ನಿನ ಮೇಲಿನ ಬಾಸುಂಡೆ ಎಲ್ಲವನ್ನೂ ಹೇಳುತ್ತಾಳೆ. ಕೇಳಿದ್ದನ್ನು ಗುಟ್ಟಾಗಿ ಇಟ್ಟುಕೊಂಡು, ಸರಿಯಾದ ಕಡೆ ಕಳಿಸುವವಳೇ ಒಳ್ಳೆಯ ನರ್ಸ್.

ನಮ್ಮ ಕರ್ತವ್ಯವೇನು?

ಒಬ್ಬ ನರ್ಸ್ ಹಲವು ಊರು ನೋಡಿಕೊಳ್ಳಬೇಕು. ಬಸ್ಸಿಲ್ಲದ ಕಡೆ ನಡೆಯಬೇಕು, ರಾತ್ರಿ ಕರೆದರೂ ಹೋಗಬೇಕು, ಮನೆಗೆ ಬಂದು ರಿಪೋರ್ಟ್ ಬರೆಯಬೇಕು. ಆಕೆಗೂ ಗಂಡ, ಮಕ್ಕಳು, ಕಾಯಿಲೆ ಇವೆ. ಬೈಯುವುದು ಸುಲಭ, ಜೊತೆ ನಿಲ್ಲೋಣ.

* ಲಸಿಕೆಯ ದಿನ (ಹೆಚ್ಚಿನ ಕಡೆ ಗುರುವಾರ) ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಕರೆತನ್ನಿ.
* ಊರಲ್ಲಿ ಹೊಸ ಬಸುರಿ ಇದ್ದರೆ, ಕೂಲಿಗೆ ಬಂದ ವಲಸೆ ಕುಟುಂಬವಿದ್ದರೆ ನರ್ಸ್ ಅಥವಾ ಆಶಾಗೆ ತಿಳಿಸಿ.
* ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗೆ ಹೋಗಿ, ಕುಡಿಯುವ ನೀರು, ಚರಂಡಿ ವಿಷಯ ಎತ್ತಿ.
* ಹುದ್ದೆ ಖಾಲಿಯಿದ್ದರೆ ಅಥವಾ ನರ್ಸ್ ಬರದಿದ್ದರೆ ಗ್ರಾಮಸಭೆಯಲ್ಲಿ ಕೇಳಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತ ಮನವಿ ಕೊಡಿ. ಇದು ಜಗಳವಲ್ಲ, ಹಕ್ಕು. ಮೇಲೆ ಹೇಳಿದ ಹಾಡಿಗೆ ನರ್ಸ್ ಬಂದದ್ದು ಸಂಘದ ಹೆಂಗಸರು ಮೂರು ಸಲ ಮನವಿ ಹಿಡಿದು ಹೋದ ಮೇಲೆಯೇ. ಮಗು ಕಳೆದುಕೊಂಡ ಆ ತಾಯಿಯೇ ಮೊದಲು ಹೆಬ್ಬೆಟ್ಟು ಒತ್ತಿದವಳು.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಉಪಕೇಂದ್ರ ಎಲ್ಲಿದೆ? ನರ್ಸ್ ಹೆಸರೇನು? ಫೋನ್ ನಂಬರ್ ಎಷ್ಟು ಮಂದಿಯ ಹತ್ತಿರ ಇದೆ?
2. ನಮ್ಮ ಸಂಘದ ಮನೆಗಳಲ್ಲಿ ಈಗ ಬಸುರಿಯರು ಎಷ್ಟು? ಅವರ ಬಿ.ಪಿ. ಕಡೆಯ ಸಲ ನೋಡಿದ್ದು ಯಾವಾಗ?
3. ಯಾರ ಮನೆಯಲ್ಲಿ ಕಬ್ಬಿಣಾಂಶದ ಮಾತ್ರೆ ನುಂಗದೆ ಉಳಿದಿದೆ? ಯಾಕೆ?

ಮುಂದಿನ ಸಭೆಗೆ ನರ್ಸಮ್ಮನನ್ನೇ ಕರೆಯಿರಿ. ಒಂದು ಲೋಟ ಕಾಫಿ ಕೊಟ್ಟು ಕೂರಿಸಿ, “ನಮ್ಮಿಂದ ನಿಮಗೇನು ಸಹಾಯ ಬೇಕು?” ಎಂದು ಕೇಳಿ. ಆ ಪ್ರಶ್ನೆಯನ್ನು ಆಕೆಗೆ ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.