ರೈಲಿನ ಕಿಟಕಿಯಲ್ಲಿ ಕಣಿವೆ ಕಾಣುವುದಿಲ್ಲ

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮಂದಿರ ಪಟ್ಟಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಇದ್ದೇ ಇರುತ್ತದೆ. ಫೀನಿಕ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಪ್ರವಾಸಿ ರೈಲಿನಲ್ಲಿ ಹೋಗಿಬಂದೆವು. "ಕಾರಿದೆಯಲ್ಲ ಮಾವ, ಕೊನೆಯ ಒಂದು ಗಂಟೆಯ ದಾರಿಗೆ ರೈಲಿಗ್ಯಾಕೆ ದುಡ್ಡು?" ಎಂದು ಅಳಿಯಂದಿರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಎಷ್ಟು ಜನ ಹೋಗುತ್ತೀರಿ, ಯಾರು ಹೋಗುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ಆರಿಜೋನಾದ ವಿಲಿಯಮ್ಸ್ ಎಂಬ ಸಣ್ಣ ಊರಿನಿಂದ ಕಣಿವೆಯ ದಕ್ಷಿಣ ಅಂಚಿಗೆ ಸುಮಾರು 105 ಕಿ.ಮೀ. ಈ ಹಳಿಯ ಮೇಲೆ ಪ್ರಯಾಣಿಕರ ರೈಲು ಓಡಲಾರಂಭಿಸಿದ್ದು 1901ರಲ್ಲಿ. ಕಾರುಗಳು ಹೆಚ್ಚಿ, 1968ರಲ್ಲಿ ಹತ್ತುವವರೇ ಇಲ್ಲದೆ ನಿಂತುಹೋಯಿತು. 1989ರಲ್ಲಿ ಪ್ರವಾಸಿಗರಿಗಾಗಿ ಮತ್ತೆ ಶುರುವಾಯಿತು. ನಾವು ಹೋದಾಗ ಬೆಳಿಗ್ಗೆ 9.30ಕ್ಕೆ ಹೊರಟು 11.45ಕ್ಕೆ ಮುಟ್ಟಿತು, ಮಧ್ಯಾಹ್ನ 3.30ಕ್ಕೆ ಅಲ್ಲಿಂದ ಹೊರಟು ಸಂಜೆ 5.45ಕ್ಕೆ ವಾಪಸು. ಕಾರಿನ ಎರಡು ಪಟ್ಟು ಹೊತ್ತು. ಬೋಗಿಯಲ್ಲಿ ಹಾಡುವವರು ಬರುತ್ತಾರೆ. ಹಿಂದಿರುಗುವಾಗ ಕುದುರೆ ಏರಿದ 'ದರೋಡೆಕೋರರು' ರೈಲನ್ನು ಅಡ್ಡಗಟ್ಟುವ ನಾಟಕವೂ ಉಂಟು. ಅಂದರೆ ನೀವು ಕೊಡುವುದು ಬರೀ ಪ್ರಯಾಣದ ದುಡ್ಡಲ್ಲ, ಒಂದು ದಿನದ ಮನರಂಜನೆಯ ದುಡ್ಡು.

ಟಿಕೆಟ್ ಕಾಯ್ದಿರಿಸುವಾಗ ನೆನಪಿಡಬೇಕಾದ ಸಂಗತಿ ಒಂದಿದೆ. ದಾರಿಯುದ್ದಕ್ಕೂ ಕಾಣುವುದು ಪೈನ್ ಕಾಡು, ಬಯಲು ಹುಲ್ಲುಗಾವಲು, ಕುರುಚಲು ಗಿಡ. ಕಣಿವೆಯ ದರ್ಶನ ರೈಲಿನಿಂದ ಇಲ್ಲವೇ ಇಲ್ಲ; ಇಳಿದು, ಮೆಟ್ಟಿಲು ಹತ್ತಿ ಅಂಚಿಗೆ ನಡೆದ ಮೇಲೆಯೇ. ಸಾಮಾನ್ಯ ಸೀಟಿಗೂ ಗಾಜಿನ ಮಾಳಿಗೆಯ ಐಷಾರಾಮಿ ಬೋಗಿಯ ಸೀಟಿಗೂ ಬೆಲೆಯಲ್ಲಿ ಎರಡು ಮೂರು ಪಟ್ಟು ಅಂತರ. ನಾವು ಸಾಮಾನ್ಯ ಬೋಗಿಯಲ್ಲೇ ಕೂತೆವು. ಉಳಿದ ಹಣದಲ್ಲಿ ಅಂಚಿನ ಮೇಲೆಯೇ ಇರುವ, 1905ರಲ್ಲಿ ಕಟ್ಟಿದ ಎಲ್ ಟೊವಾರ್ ಹೋಟೆಲಿನಲ್ಲಿ ಊಟ ಮಾಡಿದೆವು. ಈ ಆಯ್ಕೆಯನ್ನು ನಾನು ಯಾರಿಗೂ ಧಾರಾಳವಾಗಿ ಹೇಳಬಲ್ಲೆ.

ಟಿಕೆಟ್ಟಿನ ಮೇಲೆ ಬರೆಯದ ಖರ್ಚುಗಳು ಬೇರೆ. ಫೀನಿಕ್ಸ್‌ನಿಂದ ವಿಲಿಯಮ್ಸ್‌ಗೆ ಕಾರಿನಲ್ಲೇ ಹೆಚ್ಚುಕಡಿಮೆ ಮೂರು ಗಂಟೆ. ಬೆಳಗಿನ ಜಾವ ಏಳಲು ಮನಸ್ಸಿಲ್ಲದಿದ್ದರೆ ಹಿಂದಿನ ರಾತ್ರಿ ವಿಲಿಯಮ್ಸ್‌ನಲ್ಲೇ ತಂಗಬೇಕು. ಇಬ್ಬರ ಟಿಕೆಟ್ಟಿನಷ್ಟೇ ದುಡ್ಡು ಆ ಕೋಣೆಗೂ ಹೋದೀತು. ತೆರಿಗೆ, ಹಾಡಿದವರಿಗೂ ಬೋಗಿಯ ಪರಿಚಾರಕರಿಗೂ ಟಿಪ್ಸ್ ಸೇರಿಸಿಕೊಳ್ಳಿ. ನಮ್ಮೂರಿನ ಕಾರ್ಡ್ ಉಜ್ಜುವಾಗ ಯಂತ್ರ 'ರೂಪಾಯಿಯಲ್ಲೋ ಡಾಲರಿನಲ್ಲೋ' ಎಂದು ಕೇಳಿದರೆ ಡಾಲರನ್ನೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಅಂಗಡಿಯವನ ಕಡೆಯ ಬ್ಯಾಂಕು ತನ್ನ ಪಾಲು ಮುರಿದುಕೊಳ್ಳುತ್ತದೆ.

ದೊಡ್ಡ ಬದಲಾವಣೆ ಆಗಿರುವುದು ಕಣಿವೆ ಇರುವ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕದಲ್ಲಿ. ಇದು ರೈಲು ಟಿಕೆಟ್ಟಿನಲ್ಲಿ ಸೇರಿಲ್ಲ. ನಾವು ಹೋದಾಗ ರೈಲಿನಲ್ಲಿ ಬಂದವರಿಗೆ ತಲೆಗೆ 20 ಡಾಲರ್ ಇತ್ತು. 2026ರ ಜನವರಿಯಿಂದ, ಗ್ರ್ಯಾಂಡ್ ಕ್ಯಾನ್ಯನ್ ಸೇರಿದಂತೆ ಹನ್ನೊಂದು ರಾಷ್ಟ್ರೀಯ ಉದ್ಯಾನಗಳಲ್ಲಿ, 16 ವರ್ಷ ತುಂಬಿದ ವಿದೇಶಿ ಪ್ರವಾಸಿಗರು ಅದರ ಮೇಲೆ ತಲಾ 100 ಡಾಲರ್ ಹೆಚ್ಚುವರಿ ಕೊಡಬೇಕು. ದಂಪತಿಗೆ 240 ಡಾಲರ್ ಆಯಿತು. ವಿದೇಶಿಯರ ವಾರ್ಷಿಕ ಪಾಸಿಗೆ 250 ಡಾಲರ್. ಪಾಸುದಾರರ ಜೊತೆಯವರಿಗೂ ಅದು ನಡೆಯುತ್ತದೆ. ಹತ್ತೇ ಡಾಲರ್ ಹೆಚ್ಚು ಕೊಟ್ಟರೆ, ಅದೇ ಪ್ರವಾಸದಲ್ಲಿ ಜಯಾನ್, ಬ್ರೈಸ್ ಕ್ಯಾನ್ಯನ್ ಉದ್ಯಾನಗಳನ್ನೂ ಬೇರೆ ಶುಲ್ಕವಿಲ್ಲದೆ ನೋಡಬಹುದು. ಪಾಸು ಕೊಳ್ಳದೆ ಅವನ್ನೂ ನೋಡಲು ಹೊರಟರೆ ಪ್ರತಿ ಗೇಟಿನಲ್ಲೂ ನೂರು ನೂರು ಎಣಿಸಬೇಕು.

ಇನ್ನು ಹೊತ್ತಿನ ಲೆಕ್ಕ. ರೈಲಿನವರಿಗೆ ಕಣಿವೆಯ ಅಂಚಿನಲ್ಲಿ ಸಿಗುವುದು ನಾಲ್ಕು ಗಂಟೆಗೂ ಕಡಿಮೆ. ಉದ್ಯಾನದ ಒಳಗಿನ ಬಸ್ಸು ಉಚಿತವಾದ್ದರಿಂದ ಅಷ್ಟರಲ್ಲೇ ಎರಡು ಮೂರು ನೋಟದ ತಾಣ ಮುಗಿಸಬಹುದು. ಆದರೆ ಕಣಿವೆಯ ಬಣ್ಣಗಳು ಚೆನ್ನಾಗಿ ಕಾಣುವ ಸೂರ್ಯಾಸ್ತದ ಹೊತ್ತಿಗೆ ನೀವು ಅಲ್ಲಿಂದ ಹೊರಟಾಗಿರುತ್ತದೆ.

ಆದ್ದರಿಂದ ನನ್ನ ತೀರ್ಪು ಇಷ್ಟು. ರೈಲು ತಲೆ ಎಣಿಸಿ ದುಡ್ಡು ತೆಗೆದುಕೊಳ್ಳುತ್ತದೆ, ಕಾರಿಗೆ ಒಬ್ಬರಾದರೂ ಐವರಾದರೂ ಪೆಟ್ರೋಲು ಒಂದೇ. ನಾಲ್ಕೈದು ಜನರ ಸಂಸಾರವಿದ್ದು ಕಾರು ಓಡಿಸುವವರಿದ್ದರೆ ಕಾರಿನಲ್ಲೇ ಹೋಗಿ, ಸೂರ್ಯಾಸ್ತ ನೋಡಿಕೊಂಡು ಬನ್ನಿ. ಮಕ್ಕಳಿಗೆ ರಜೆ ಸಿಗದೆ ಹಿರಿಯರಿಬ್ಬರೇ ಹೊರಟಿದ್ದರೆ ಅಥವಾ ಕುದುರೆ ದರೋಡೆ ನೋಡಿ ಕುಣಿಯುವ ಮೊಮ್ಮಗು ಜೊತೆಗಿದ್ದರೆ ರೈಲಿಗೆ ಕೊಟ್ಟ ದುಡ್ಡು ದಂಡವಲ್ಲ. ಹತ್ತುವುದಾದರೆ ಸಾಮಾನ್ಯ ಬೋಗಿಯೇ ಸಾಕು. ಐಷಾರಾಮಿ ಬೋಗಿಯೂ ಅದೇ ನಿಲ್ದಾಣಕ್ಕೆ, ಅದೇ ಹೊತ್ತಿಗೆ ಬಂದು ನಿಲ್ಲುತ್ತದೆ.