ಹೂವಿನ ರಾಶಿಯ ಕೆಳಗೆ ನೋಡು

ಮಗೂ, ಚಿತ್ರಕಾರ ಆಲ್ಮಾ-ಟಡೆಮಾನ ‘ದ ರೋಸಸ್ ಆಫ್ ಹೆಲಿಯೊಗ್ಯಾಬಲಸ್’ ಚಿತ್ರದ ಬಗ್ಗೆ ಬರೆಯುತ್ತೇನೆ ಅಂದೆಯಲ್ಲ, ಬಹಳ ಸಂತೋಷವಾಯಿತು. ಪೆನ್ನು ಹಿಡಿಯುವ ಮುಂಚೆ ಒಂದು ಮಾತು ಕೇಳು. ಹಳೇ ರೋಮ್ ಹೀಗಿತ್ತು ಅಂತ ಮಾತ್ರ ಶುರುಮಾಡಬೇಡ. 1888ರ ಲಂಡನ್ನಿಗೆ ಎಂಥ ರೋಮ್ ಬೇಕಾಗಿತ್ತು ಅನ್ನುವುದು ಆ ಚಿತ್ರದಲ್ಲಿದೆ.

ಮೊದಲು ಕಣ್ತುಂಬ ನೋಡು, ಅವಸರ ಬೇಡ. ಗುಲಾಬಿಯ ಎಸಳುಗಳನ್ನು ಎಷ್ಟು ಬಿಡಿಸಿ ಬರೆದಿದ್ದಾನೆ! ಚಳಿಗಾಲದ ಲಂಡನ್ನಿನಲ್ಲಿ ಗುಲಾಬಿ ಎಲ್ಲಿ ಸಿಗಬೇಕು? ದಕ್ಷಿಣ ಫ್ರಾನ್ಸಿನಿಂದ ವಾರವಾರ ತರಿಸಿ ಎದುರಿಗಿಟ್ಟುಕೊಂಡು ಬಣ್ಣ ಹಚ್ಚಿದ. ಆ ಶ್ರದ್ಧೆಗೆ ಮನಸಾರೆ ಕೈಮುಗಿ. ಆಮೇಲೆ ಹಿಂದಕ್ಕೆ, ಎತ್ತರದ ಪಂಕ್ತಿಯತ್ತ ಕಣ್ಣು ಹಾಯಿಸು. ಬಂಗಾರದ ಬಣ್ಣದ ರೇಷ್ಮೆ ತೊಟ್ಟು ಬೋರಲಾಗಿ ಒರಗಿರುವವನೇ ಚಕ್ರವರ್ತಿ ಹೆಲಿಯೊಗ್ಯಾಬಲಸ್. 218ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು 222ರಲ್ಲಿ ಕೊಲೆಯಾದವನು. ಮೇಲ್ಕಟ್ಟಿನಿಂದ ಸುರಿಸಿದ ಹೂವಿನಡಿ ಅತಿಥಿಗಳು ಉಸಿರುಗಟ್ಟಿ ಸಾಯಲಿದ್ದಾರೆ. ಅವರ ಮುಖಗಳಲ್ಲಿ ಸಾವಿನ ಗಾಬರಿ ಹುಡುಕು. ಸಿಗುವುದಿಲ್ಲ. ಅಲ್ಲೇ ನಿಲ್ಲು, ಚಿತ್ರದ ಗುಟ್ಟು ಇರುವುದು ಅಲ್ಲಿ.

ಕಥೆ ಬಂದದ್ದು ‘ಹಿಸ್ಟೋರಿಯಾ ಆಗಸ್ಟಾ’ ಎಂಬ ಲ್ಯಾಟಿನ್ ಗ್ರಂಥದಿಂದ. ಚಕ್ರವರ್ತಿ ಸತ್ತು ಬಹುಕಾಲದ ಮೇಲೆ ಬರೆದದ್ದು, ಪೂರ್ತಿ ನಂಬುವಂಥದ್ದಲ್ಲ. ಅಲ್ಲಿರುವುದು ವಯೊಲೆಟ್ ಮೊದಲಾದ ಹೂಗಳು. ಗುಲಾಬಿ ಚಿತ್ರಕಾರನ ಆಯ್ಕೆ. ಚಿತ್ರ ಬರೆಸಿದವರು ಜಾನ್ ಏರ್ಡ್, ಮುಂದೆ ಈಜಿಪ್ಟಿನ ಆಸ್ವಾನ್ ಅಣೆಕಟ್ಟು ಕಟ್ಟಿದ ಗುತ್ತಿಗೆದಾರರು. ಕೊಟ್ಟ ಬೆಲೆ 4,000 ಪೌಂಡು. ಶ್ರೀಮಂತರ ಮನೆಯ ಗೋಡೆಗೆ ಬರುವಾಗ ಸಾವೂ ಚೆಂದವಾಗಿ ಬರಬೇಕಾಯಿತು ಅಂತ ನನಗನ್ನಿಸುತ್ತದೆ. ನೀನೇ ತೂಗಿ ನೋಡು.

ಹಾಗಂತ ಚಿತ್ರಕಾರನನ್ನು ಸುಳ್ಳುಗಾರ ಅಂತ ಬೈದುಬಿಡಬೇಡ. 1863ರಲ್ಲಿ, ಮದುವೆಯಾದ ಹೊಸತರಲ್ಲೇ ಪೊಂಪೆಯ ಅವಶೇಷಗಳ ನಡುವೆ ಓಡಾಡಿ ಕಲಿತವನು. ಕಲ್ಲು, ಕಂಚು, ಪಾತ್ರೆಗಳ ಮಟ್ಟಿಗೆ ಅವನ ಕಣ್ಣು ಬಲು ಚುರುಕು. ಮನುಷ್ಯರ ವಿಷಯ ಬಂದಾಗ ನೀನು ಎಚ್ಚರವಾಗಿರು. ಅಷ್ಟು ಹೂ ಕಿತ್ತವರು, ಹೊತ್ತು ತಂದವರು, ಬೆಳಗಾದರೆ ನೆಲ ಗುಡಿಸಬೇಕಾದ ಗುಲಾಮರು ಅವನ ಚಿತ್ರದೊಳಗೆ ಬಂದೇ ಇಲ್ಲ. ಅವರ ಬಗ್ಗೆ ಒಂದು ಪ್ಯಾರಾ ಬರೆಯದೆ ಲೇಖನ ಮುಗಿಸಬೇಡಪ್ಪ.

ಇದಾದ ಮೇಲೆ ಅವನದೇ 1881ರ ‘ಸ್ಯಾಫೋ ಅಂಡ್ ಆಲ್ಕೇಯಸ್’ ನೋಡು. ಅಮೃತಶಿಲೆಯ ಆಸನಗಳನ್ನು ಅಥೆನ್ಸಿನ ಡಯೋನೈಸಸ್ ರಂಗಮಂದಿರದಿಂದ ತೆಗೆದುಕೊಂಡಿದ್ದಾನೆ. ಗ್ರೀಕ್ ಕವಯಿತ್ರಿ ಸ್ಯಾಫೋ ಬದುಕಿದ್ದಾಗ ಆ ಆಸನಗಳೇ ಇರಲಿಲ್ಲ. ಮೇಲೆ ಕೆತ್ತಿದ್ದ ಹೆಸರುಗಳನ್ನು ಬಿಟ್ಟು, ಅವಳ ಗೆಳತಿಯರ ಹೆಸರು ಬರೆದಿದ್ದಾನೆ. ಯಾಕೆ ಹಾಗೆ ಮಾಡಿದ ಅಂತ ಯೋಚಿಸಿ, ಮುಂದಿನ ಸಲ ಬಂದಾಗ ನನಗೆ ಹೇಳು.