ಕೆಲಸದ ಕ್ರಮ, ಯಂತ್ರದ ನೆರವು

ಚನ್ನಪಟ್ಟಣದ ಬೊಂಬೆಗಾರನು ಹಾಲೆ ಮರದ ತುಂಡನ್ನು ಮೊದಲು ಒಣಗಿಸುತ್ತಾನೆ. ಬಳಿಕ ಅಳತೆಗೆ ಕತ್ತರಿಸಿ, ಲೇತಿನ ಮೇಲೆ ಕಡೆದು ರೂಪ ಕೊಡುತ್ತಾನೆ. ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿದಾಗ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಬಣ್ಣವು ಅಂಟಿಕೊಳ್ಳುತ್ತದೆ. ಕಡೆಯುವ ಮುನ್ನವೇ ಬಣ್ಣ ಬಳಿದರೆ ಶ್ರಮವೆಲ್ಲ ವ್ಯರ್ಥ. ಆದರೆ ಬಣ್ಣ ಮಾತ್ರ ಕೆಟ್ಟಿದ್ದರೆ ಮರವನ್ನು ಮತ್ತೆ ಒಣಗಿಸಬೇಕಾಗಿಲ್ಲ. ಬಣ್ಣದ ಹಂತದಿಂದ ತೊಡಗಿದರೆ ಸಾಕು. ಯಾವುದರ ಮುಂದೆ ಯಾವುದು, ಯಾವುದನ್ನು ಮತ್ತೆ ಮಾಡಬೇಕು, ಯಾವುದನ್ನು ಬಿಡಬಹುದು ಎಂಬ ಈ ತಿಳಿವು ಕುಶಲಿಯ ಮನಸ್ಸಿನಲ್ಲಿರುತ್ತದೆ. ಕಂಪ್ಯೂಟರಿನ ಕೆಲಸದಲ್ಲಿ ಇದೇ ತಿಳಿವನ್ನು ಬರೆದಿಟ್ಟು ಯಂತ್ರಕ್ಕೆ ಒಪ್ಪಿಸುವುದುಂಟು. ಅದು ಹೇಗೆಂಬುದನ್ನು ನೋಡೋಣ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯು ದೇಶದ ಬಹು ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಕನಕಪುರ, ಮಾಗಡಿ ಕಡೆಯ ಬೆಳೆಗಾರರೂ ಗೂಡನ್ನು ಇಲ್ಲಿಗೆ ತರುತ್ತಾರೆ. ಹಿಂದೆ ಕೂಗಿ ನಡೆಸುತ್ತಿದ್ದ ಹರಾಜು ಈಗ ಕಂಪ್ಯೂಟರಿನ ಮೂಲಕ ನಡೆಯುತ್ತದೆ. ಪ್ರತಿ ಲಾಟಿಗೂ ಒಂದು ಸಂಖ್ಯೆ ದೊರೆಯುತ್ತದೆ. ನೂಲು ಬಿಚ್ಚಾಣಿಕೆದಾರರು ತಮ್ಮ ದರವನ್ನು ಮೊಬೈಲಿನಿಂದ ತಿಳಿಸುತ್ತಾರೆ. ನಿಮ್ಮ ಶಾಲೆಯ ಮಕ್ಕಳು ಸೇರಿ, ದ್ವಿತಳಿ ಮತ್ತು ಮಿಶ್ರತಳಿ ಗೂಡುಗಳ ದಿನದ ದರವನ್ನು ತೋರುವ ಒಂದು ಸರಳ ವೆಬ್ ಅಪ್ಲಿಕೇಷನ್ ಮಾಡುವಿರೆಂದು ಭಾವಿಸಿರಿ.

ಇದಕ್ಕೆ ಮೂರು ಕಡತಗಳು ಬೇಕು. ಒಂದರಲ್ಲಿ ದಿನದ ದರಗಳು. ಇನ್ನೊಂದರಲ್ಲಿ ಪುಟದ ಅಚ್ಚು. ಮೂರನೆಯದರಲ್ಲಿ ಕೇಳಿದವರಿಗೆ ಪುಟವನ್ನು ಕಳುಹಿಸಿಕೊಡುವ ಕ್ರಮವಿಧಿ. ಈ ಕೊನೆಯದನ್ನು ನಡೆಸುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ದರವನ್ನು ಅಚ್ಚಿನಲ್ಲಿ ತುಂಬಿ ಪುಟವನ್ನು ಸಿದ್ಧಪಡಿಸಬೇಕು, ಅದನ್ನು ಪರೀಕ್ಷಿಸಬೇಕು, ಮೊದಲು ತಮ್ಮ ಕಂಪ್ಯೂಟರಿನಲ್ಲಿಯೇ ತೆರೆದು ನೋಡಬೇಕು, ಅನಂತರ ಸರ್ವರಿನಲ್ಲಿ ಇರಿಸಬೇಕು. ಪ್ರತಿದಿನವೂ ಇದನ್ನೆಲ್ಲ ಕೈಯಿಂದಲೇ ಮಾಡಿದರೆ ಒಂದಲ್ಲ ಒಂದು ದಿನ ಒಂದು ಹಂತ ಮರೆತುಹೋಗುತ್ತದೆ. ಕಡತದಲ್ಲಿ ಹೊಸ ದರವಿದ್ದರೂ ಪುಟದಲ್ಲಿ ಹಳೆಯದೇ ಉಳಿಯುತ್ತದೆ. ಅದನ್ನು ನಂಬಿ ಗೂಡು ಸಾಗಿಸಿದ ರೈತನಿಗೆ ನಷ್ಟವಾಗುತ್ತದೆ.

ಇಂಥದೇ ಮರೆವು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಒಂದು ಉಪಯುಕ್ತ ಸಾಧನಕ್ಕೆ ಕಾರಣವಾಯಿತು. ಅಲ್ಲಿನ ಸ್ಟೀವ್ ಜಾನ್ಸನ್ ತಮ್ಮ ಕ್ರಮವಿಧಿಯಲ್ಲಿದ್ದ ತಪ್ಪನ್ನು ತಿದ್ದಿದ್ದರು. ಆದರೆ ತಿದ್ದಿದ ಕಡತವನ್ನು ಯಂತ್ರಭಾಷೆಗೆ ಪರಿವರ್ತಿಸಿರಲಿಲ್ಲ. ಇಲ್ಲದ ತಪ್ಪನ್ನು ಹುಡುಕುತ್ತ ಒಂದು ಬೆಳಗಿನ ಹೊತ್ತು ಕಳೆದುಹೋಯಿತು. ಅವರ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಇದಕ್ಕೆ ಪರಿಹಾರವಾಗಿ ‘ಮೇಕ್’ ಎಂಬ ಸಾಧನವನ್ನು ರಚಿಸಿದರು. 2003ರಲ್ಲಿ ಅದಕ್ಕಾಗಿ ಅವರಿಗೆ ಎ.ಸಿ.ಎಂ. ಸಂಸ್ಥೆಯ ಪ್ರಶಸ್ತಿ ಸಂದಿತು.

ಮೇಕ್ ನಡೆಯುವ ಬಗೆ ಸರಳವಾದುದು. ಯಾವ ಕಡತವು ಯಾವ ಯಾವ ಕಡತಗಳನ್ನು ಆಧರಿಸಿದೆ, ಅದನ್ನು ಸಿದ್ಧಪಡಿಸಲು ಯಾವ ಆಜ್ಞೆ ಕೊಡಬೇಕು ಎಂಬುದನ್ನು ನಾವು ಒಮ್ಮೆ ಬರೆದಿಡುತ್ತೇವೆ. ಮೇಕ್ ಕಡತಗಳು ಬದಲಾದ ಸಮಯವನ್ನು ಹೋಲಿಸುತ್ತದೆ. ದರದ ಕಡತವು ಪುಟಕ್ಕಿಂತ ಹೊಸದಾಗಿದ್ದರೆ ಪುಟವನ್ನು ಮತ್ತೆ ಕಟ್ಟುತ್ತದೆ. ಏನೂ ಬದಲಾಗದಿದ್ದರೆ ಸುಮ್ಮನಿರುತ್ತದೆ. ನಡುವೆ ಒಂದು ಹಂತ ವಿಫಲವಾದರೆ ಅಲ್ಲಿಗೇ ನಿಲ್ಲುತ್ತದೆ. ಆದಕಾರಣ ಪುಟವನ್ನು ಸರ್ವರಿಗೆ ಕಳುಹಿಸುವ ಮುನ್ನ ಪರೀಕ್ಷೆಯ ಹಂತವೊಂದನ್ನು ಇರಿಸುವುದು ಉಚಿತ. ದರದ ಜಾಗ ಬರಿದಾಗಿದ್ದರೆ ಅಥವಾ ಸೊನ್ನೆಯಿದ್ದರೆ ಕೆಲಸ ಅಲ್ಲಿಯೇ ನಿಲ್ಲಲಿ. ಆಗ ಸರ್ವರಿನಲ್ಲಿ ನಿನ್ನೆಯ ಪುಟವೇ ಉಳಿಯುತ್ತದೆ. ಪುಟದ ಮೇಲೆ ದಿನಾಂಕವಿದ್ದರೆ ಓದುವವನು ಮೋಸಹೋಗುವುದಿಲ್ಲ.

ಆದರೂ ಒಂದು ಮಾತನ್ನು ನೆನಪಿಡಬೇಕು. ಪುಟವು ಅಚ್ಚನ್ನೂ ಆಧರಿಸಿದೆಯೆಂದು ನಾವು ಬರೆಯದೆ ಬಿಟ್ಟರೆ, ಅಚ್ಚು ಬದಲಾದರೂ ಮೇಕ್ ಪುಟವನ್ನು ಮುಟ್ಟುವುದಿಲ್ಲ. ನಲವತ್ತೆಂದು ಬರೆಯಬೇಕಾದಲ್ಲಿ ನಾನೂರೆಂದು ಬರೆದರೆ ಅದನ್ನೇ ತಪ್ಪಿಲ್ಲದೆ ಮುದ್ರಿಸುತ್ತದೆ. ಯಂತ್ರವು ನಮ್ಮ ಮರೆವನ್ನು ನೀಗಬಲ್ಲುದು. ವಿವೇಚನೆಯ ಹೊಣೆ ಮಾತ್ರ ನಮ್ಮದೇ. ಕ್ರಮವನ್ನು ಪೂರ್ಣವಾಗಿ ಆಲೋಚಿಸಿ ಬರೆದವನಿಗಷ್ಟೇ ಅದು ನಂಬಿಗಸ್ತ ಸಹಾಯಕ.